ಟ್ಯಾಂಕಿನ ಕೆಳಗಿನ ಲೈನು, ಮೆಷಿನ್ನಿನೊಳಗಿನ ಕೋಣೆ

ನನಗೆ ಇಂಗ್ಲಿಷ್ ಬರುವುದಿಲ್ಲ, ಇಂಗ್ಲಿಷ್ ಅಕ್ಷರ ಬರುತ್ತವೆ. ಹರೆಯದಲ್ಲಿ ಕಾಫಿ ಬೀಜ ಹದ ಮಾಡಿ ಚೀಲಕ್ಕೆ ತುಂಬುವ ಕ್ಯೂರಿಂಗ್ ವರ್ಕ್ಸಿನಲ್ಲಿ ಗೋಣಿಚೀಲಗಳ ಮೇಲೆ ತಗಡಿನ ಅಚ್ಚಿಟ್ಟು ಕಪ್ಪು ಬಣ್ಣ ಹೊಡೆಯುತ್ತಿದ್ದೆ. ಅದರಿಂದ ಎ ಯಾವುದು, ಬಿ ಯಾವುದು ಎಂದು ಕಣ್ಣಿಗೆ ಗೊತ್ತು. ಅವನ್ನು ಸೇರಿಸಿದರೆ ಏನಾಗುತ್ತದೆಂದು ಗೊತ್ತಿಲ್ಲ. ಕನ್ನಡ ನಾಲ್ಕನೇ ಕ್ಲಾಸು. ಇಷ್ಟನ್ನೇ ಇಟ್ಟುಕೊಂಡು ಒಂದು ಮಳೆಗಾಲ ನಾನು ಲಿನಕ್ಸ್ ಎನ್ನುವ ಮೆಷಿನ್ನಿನಲ್ಲಿ, ಅದರ ಯಜಮಾನರ ಅಪ್ಪಣೆ ಇಲ್ಲದೆ, ಪ್ರೋಗ್ರಾಂ ಹಾಕಿ ನಡೆಸಿದೆ. ಮೆಷಿನ್ನಿನ ಮಾತುಗಳನ್ನು ಕಂಪ್ಯೂಟರ್ ಟೀಚರ್ ಹತ್ತಿರ ಕೇಳಿ ಸರಿ ಮಾಡಿಕೊಂಡಿದ್ದೇನೆ. ಮಿಕ್ಕದ್ದು ನಾನು ಕಂಡದ್ದು.

ಎಸ್ಟೇಟು ಕಳಸದಿಂದ ಜೀಪು ಹತ್ತಿ ಹೋಗುವ ಕಡೆ. ಹಳೇ ಧಣಿಗಳು ಮಾರಿದ ಮೇಲೆ ಒಂದು ಕಂಪನಿ ಕೊಂಡಿತು. ಕಂಪನಿಯವರು ಬಂದ ವರ್ಷವೇ ಎರಡು ಕೆಲಸ ಮಾಡಿದರು. ಟ್ಯಾಂಕಿನ ಏರಿ ಎತ್ತರ ಮಾಡಿದರು, ಆಫೀಸಿಗೆ ಮೆಷಿನ್ ತಂದರು.

ಟ್ಯಾಂಕೆಂದರೆ ಕಣಿವೆಯ ತಲೆಗೆ ಮಣ್ಣಿನ ಏರಿ ಕಟ್ಟಿ ನಿಲ್ಲಿಸಿದ ನೀರು. ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಹೊಡೆದು ಕಾಫಿ ಹೂ ಬಿಡಿಸಲು ಅದು ಬೇಕು. ಹಳೇ ಏರಿ ಹುಲ್ಲು ಹಿಡಿದು ಗಟ್ಟಿಯಾಗಿತ್ತು. ಅದರ ಮೇಲೆ ಬುಲ್ಡೋಜರಿನಲ್ಲಿ ಹೊಸ ಕೆಂಪು ಮಣ್ಣು ಸುರಿದರು. ನೀರು ಚಿಮುಕಿಸಿ ಪದರ ಪದರಕ್ಕೂ ದಮ್ಮಸ್ಸು ಹೊಡೆದು ಗಟ್ಟಿ ಮಾಡಬೇಕಿತ್ತು. ಮಳೆ ಹತ್ತಿರ ಬಂತೆಂದು ಸುರಿದು ಮಟ್ಟ ಮಾಡಿ ಹೋದರು. ಏರಿಯ ಕೆಳಗೆ ಹಳ್ಳ. ಹಳ್ಳದ ಪಕ್ಕಕ್ಕೆ ಆಳುಗಳ ಲೈನು, ಒಂದೇ ಮಾಡಿನ ಕೆಳಗಿನ ಸಾಲುಮನೆ. ಕಡೇ ಮನೆ ಏರಿಯ ಬುಡಕ್ಕೆ ಹತ್ತಿರ. ಈಚೆ ತುದಿಯ ಮೊದಲನೇ ಮನೆ ನನ್ನದು.

ಮೊದಲ ಮಳೆ ಬಿದ್ದ ವಾರದಲ್ಲೇ ಕಡೇ ಮನೆಯ ಹಿಂದೆ, ಏರಿಯ ಬುಡದಲ್ಲಿ, ನೀರು ಒಸರಲು ಶುರುವಾಯಿತು. ತಿಳಿ ನೀರು. ಕಡೇ ಮನೆಯವಳು ಅಲ್ಲೇ ಪಾತ್ರೆ ತೊಳೆಯತೊಡಗಿದಳು. ಕಂಪನಿಯವರು ತನಗೊಬ್ಬಳಿಗೇ ನಲ್ಲಿ ಹಾಕಿಸಿಕೊಟ್ಟಿದ್ದಾರೆ, ನಿಮಗೆಲ್ಲ ಹೊಟ್ಟೆಕಿಚ್ಚು ಎಂದು ನಗುತ್ತಿದ್ದಳು. ಟ್ಯಾಂಕು ಕಾಯುವವನು ನಗಲಿಲ್ಲ. ಅವನು ಏರಿಯ ಮೇಲೆ ತಗಡಿನ ಶೆಡ್ಡಿನಲ್ಲಿ ವೈರ್‌ಲೆಸ್ ಸೆಟ್ಟು ಹಿಡಿದು ಕೂರುವ ಮುದುಕ. ಒಂದು ದಿನ ನನ್ನನ್ನು ಕರೆದು ಏಡಿಗಳನ್ನು ತೋರಿಸಿದ. ಏರಿಯ ತೂತುಗಳಲ್ಲಿದ್ದ ಏಡಿಗಳು ಒಂದರ ಹಿಂದೆ ಒಂದು ಗುಡ್ಡದ ಕಡೆ ಹತ್ತುತ್ತಿದ್ದವು.

"ಮನೆ ಖಾಲಿ ಮಾಡ್ತಾ ಉಂಟು ನೋಡು," ಎಂದ.

ಮೆಷಿನ್ ಇದ್ದದ್ದು ಆಫೀಸಿನ ಒಳಕೋಣೆಯಲ್ಲಿ. ಮೇಜಿನ ಮೇಲೆ ಕಪ್ಪು ಸ್ಕ್ರೀನು, ಕೆಳಗೆ ಪೆಟ್ಟಿಗೆ. ಹೆಡ್ ಆಫೀಸಿನ ಸಿಸ್ಟಂ ಸಾಹೇಬರು ಬಂದು ಜೋಡಿಸಿ, ರೂಟ್ ಎಂಬ ದೊಡ್ಡ ಲಾಗಿನ್ನಿನ ಪಾಸ್‌ವರ್ಡನ್ನು ಯಾರಿಗೂ ಹೇಳದೆ ವಾಪಸು ಹೋದರು. ದಿನಾ ಸಂಜೆ ಫೋನಿನ ಲೈನಿಗೆ ಹಾಕಿದ ಮೋಡೆಮ್ ಕೀಂಯ್ ಎಂದು ಕಿರುಚುತ್ತಿತ್ತು. ಸಾಹೇಬರು ಹೆಡ್ ಆಫೀಸಿನಲ್ಲಿ ಕೂತೇ ಒಳಗೆ ಬಂದಿದ್ದಾರೆಂದು ಅದರ ಅರ್ಥ. ಕೋಣೆಯಲ್ಲಿ ಯಾರೂ ಇರುವುದಿಲ್ಲ, ಪೆಟ್ಟಿಗೆಯ ದೀಪ ಮಾತ್ರ ಮಿಣಕ್ ಮಿಣಕ್ ಎನ್ನುತ್ತದೆ. ನಾನು ಗುಡಿಸುವುದನ್ನು ಅಲ್ಲಿಗೇ ಬಿಟ್ಟು ಹೊರಗೆ ಹೋಗಿಬಿಡುತ್ತಿದ್ದೆ.

ನನ್ನ ಕೆಲಸ ಕಸ, ಕಾಫಿ, ವೈರ್‌ಲೆಸ್ಸು. ಗುಮಾಸ್ತಿಕೆ ಮಾಡುವ ರೈಟರಿಗೆ ಹಾಜರಿಯಿಂದಲೇ ಪುರಸೊತ್ತಿಲ್ಲ. ಹಾಗಾಗಿ ಮಳೆಯ ಲೆಕ್ಕ ನನ್ನ ತಲೆಗೆ ಬಿತ್ತು. ನನಗೂ ಒಂದು ಲಾಗಿನ್ ಕೊಟ್ಟರು. ಬೆಳಿಗ್ಗೆ ಎಂಟಕ್ಕೆ ಮಳೆ ಎಷ್ಟು ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಎಷ್ಟು, ಟ್ಯಾಂಕಿನ ನೀರು ಯಾವ ಗೆರೆಗೆ ಎಂದು ಅಂಕಿ ಒತ್ತಬೇಕು. ಒತ್ತಿದರೆ ಹಸಿರು ಬಣ್ಣದಲ್ಲಿ ಓಕೆ ಎಂದು ಬಂದು, ದಿನವಿಡೀ ಹಾಗೇ ನಿಂತಿರುತ್ತದೆ. ಟ್ಯಾಂಕಿನ ನೀರು ಸಾಹೇಬರು ಇಟ್ಟ ಅಪಾಯದ ಗೆರೆ ದಾಟಿದ್ದರೆ ಕೆಂಪು ಬರುತ್ತದಂತೆ. ಕೆಂಪು ಬರದೆ, ಹೆಡ್ ಆಫೀಸಿನ ಮಾತು ಬರದೆ, ಟ್ಯಾಂಕಿನ ತೂಬು ತೆಗೆಯಬಾರದೆಂದು ಆರ್ಡರು. ಹಿಂದಿನ ಮ್ಯಾನೇಜರು ಒಂದು ಮಳೆಗೆ ಹೆದರಿ ತೂಬು ತೆಗೆಸಿದ್ದರು. ಬೇಸಿಗೆಗೆ ನೀರು ಸಾಲದೆ ಹೂ ಕೆಟ್ಟಿತು, ಅವರ ಕೆಲಸವೂ ಹೋಯಿತು. ಈಗಿನ ಮ್ಯಾನೇಜರು ತೂಬಿನ ಬೀಗದ ಕೈಯನ್ನು ಪ್ಯಾಂಟಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು.

ಪ್ರೋಗ್ರಾಂ ಬರೆಯುವ ಮೊದಲು ಸಾಹೇಬರು ಕೇಳಿದ್ದರು, ಇಲ್ಲಿ ಮಳೆ ಹೇಗೆ ಅಳೆಯುತ್ತೀರಿ ಎಂದು. ಮ್ಯಾನೇಜರು, ರೈಟರು, ನಾನು, ಎಲ್ಲರೂ ಒಂದೇ ಬಾಯಲ್ಲಿ ಹೇಳಿದೆವು. ಬೆಳಿಗ್ಗೆ ಎಂಟಕ್ಕೆ, ಒಂದು ಸಲ. ಮೂಡಿಗೆರೆಯಿಂದ ಕಳಸದವರೆಗೆ ಯಾವ ತೋಟಕ್ಕೆ ಹೋದರೂ ಹಾಗೇ, ದೊರೆಗಳ ಕಾಲದಿಂದ. ಮಳೆಗೆ ಅದು ಸಾಕು. ಟ್ಯಾಂಕಿನ ನೀರಿಗೂ ಅದೇ ಎಂದು ಸಾಹೇಬರು ತಿಳಿದರು, ಬೇರೆ ಎಂದು ಹೇಳಲು ನಮಗೂ ಹೊಳೆಯಲಿಲ್ಲ. ಮೆಷಿನ್ ದಿನಕ್ಕೆ ಒಂದೇ ಸಲ ಅಂಕಿ ತೆಗೆದುಕೊಳ್ಳುತ್ತದೆ. ಎರಡನೇ ಸಲ ಒತ್ತಿದರೆ ಆಗಲೇ ಕೊಟ್ಟಾಗಿದೆ ಎನ್ನುತ್ತದೆ.

ಜೂನಿನಲ್ಲಿ ಒಂದು ದಿನ ಎಂಟಕ್ಕೆ ಸಣ್ಣ ಮಳೆ. ನಾನು ಒತ್ತಿದೆ, ಹಸಿರು ಬಂತು. ಆಮೇಲೆ ಗುಡ್ಡದ ಮೇಲೆ ಆಕಾಶ ಒಡೆದು ಬಿದ್ದ ಹಾಗೆ ಸುರಿಯಿತು. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕಿನ ನೀರು ಒಂದು ಮೊಳ ಏರಿತೆಂದು ಮುದುಕ ವೈರ್‌ಲೆಸ್ಸಿನಲ್ಲಿ ಕೂಗಿದ. ಮೆಷಿನ್ ಮುಂದೆ ಹೋಗಿ ನೋಡಿದೆ. ಹಸಿರು. ಸಂಜೆ ಮಳೆ ನಿಂತು, ಹೆಚ್ಚಿನ ನೀರು ಕೋಡಿಯಲ್ಲಿ ಹರಿದು, ಮಾರನೇ ದಿನ ಎಂಟಕ್ಕೆ ಟ್ಯಾಂಕು ಹಿಂದಿನ ದಿನದಷ್ಟೇ ಇತ್ತು. ಮತ್ತೆ ಹಸಿರು. ನಡುವೆ ಆದದ್ದು ಮೆಷಿನ್ನಿನ ಪಾಲಿಗೆ ಆಗಲೇ ಇಲ್ಲ.

ರೈಟರಿಗೆ ಹೇಳಿದೆ. ಎಂಟಕ್ಕೆ ಅಂತ ಹೇಳಿದವರು ನಾವೇ ಅಲ್ಲವಾ, ಈಗ ಬದಲಿಸಿ ಅಂದರೆ ಬೈಗುಳ ನಮಗೇ ಎಂದರು. ಮ್ಯಾನೇಜರು ಹೆಡ್ ಆಫೀಸಿಗೆ ಕೇಳಿದರು. ಮಳೆಗಾಲ ಮುಗಿದ ಮೇಲೆ ನೋಡೋಣ ಎಂದು ಬಂತು.

ಅದೇ ತಿಂಗಳು ಕರೆಂಟು ಬಹಳ ಹೊತ್ತು ಹೋಗಿ, ಬ್ಯಾಟರಿಯೂ ಮುಗಿಯುತ್ತಾ ಬಂತು. ಸರಿಯಾಗಿ ಮುಚ್ಚಿದರೆ ಮೆಷಿನ್ನಿಗೆ ಏನೂ ಆಗುವುದಿಲ್ಲವೆಂದು ರೈಟರು ಮುಚ್ಚುವ ಮಾತು ಒತ್ತಿದರು. ಅದಕ್ಕೆ ನೀವು ರೂಟ್ ಆಗಿರಬೇಕು ಎಂದಿತು. ಬ್ಯಾಟರಿ ಸತ್ತು ತಾನಾಗಿ ಬಿತ್ತು. ಕರೆಂಟು ಬಂದಾಗ ಅರ್ಧಕ್ಕೆ ಎದ್ದು, ಒಳಗೆ ಹಾಳಾಗಿದೆ, ರೂಟ್ ಪಾಸ್‌ವರ್ಡ್ ಕೊಡಿ ಎಂದು ನಿಂತುಬಿಟ್ಟಿತು. ಸಾಹೇಬರು ಬಸ್ಸು ಹಿಡಿದು ಬರುವವರೆಗೆ ಹಾಗೇ ನಿಂತಿತ್ತು. ನಾನು ಅದನ್ನು ನೋಡಿಟ್ಟುಕೊಂಡೆ.

ಟೀಚರ್ ಅಂದರೆ ಕಳಸದಲ್ಲಿ ಒಂದು ಅಂಗಡಿಯ ಮಾಳಿಗೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಹೆಂಗಸು. ಪುರೋಹಿತರ ಮನೆಯವಳು, ಮಾತು ಚುರುಕು. ನಮ್ಮ ಪ್ರಿಂಟರ್ ಕೆಟ್ಟಾಗ ಜೀಪಿನಲ್ಲಿ ಬರುತ್ತಿದ್ದಳು. ಅವಳಿಗೆ ಹಸಿರು ಓಕೆ ತೋರಿಸಿದೆ. ಆಮೇಲೆ ಕೊಡೆ ಹಿಡಿದು ಕಡೇ ಮನೆಯ ಹಿಂದಕ್ಕೆ ಕರೆದುಕೊಂಡು ಹೋದೆ. ಒಸರುವ ನೀರಿಗೆ ಕೈಯಿಟ್ಟು ನೋಡಿದಳು. ವಾಪಸು ಬರುವಾಗ ಹೇಳಿದಳು, ಗಂಟೆಗೊಂದು ಅಂಕಿ ಕೊಟ್ಟರೆ ಸ್ಕ್ರೀನಿನ ಮೇಲೆ ಗೆರೆ ಎಳೆದು ತೋರಿಸುವ ಪ್ರೋಗ್ರಾಂ ಉಂಟು, ಬಿಟ್ಟಿ ಸಿಗುತ್ತದೆ, ಆದರೆ ಹಾಕಲು ಯಾರು ಬಿಡುತ್ತಾರೆ ಎಂದು.

ರೈಟರು ಕೈ ಮುಗಿದರು. "ನನ್ನ ಹೆಸರಲ್ಲಿ ಮಾತ್ರ ಬೇಡ ಮಾರಾಯ್ತಿ."

ನನ್ನ ಹೆಸರಿನಲ್ಲಿ ಹಾಕು ಎಂದೆ. ನನ್ನನ್ನು ತೆಗೆದರೆ ಕಂಪನಿಗೆ ನಷ್ಟವಾಗುವುದು ಒಂದು ಪೊರಕೆ.

ಟೀಚರ್ ಕುರ್ಚಿ ಎಳೆದುಕೊಂಡು ಕೂತಳು. "ಅಜ್ಜಿ, ಈ ಮೆಷಿನ್ ಅಂದ್ರೆ ಒಂದು ಎಸ್ಟೇಟು ಅಂದ್ಕೊಳಿ. ರೂಟ್ ಅಂದ್ರೆ ಧಣಿ. ಬಂಗಲೆ, ಪಲ್ಪಿಂಗ್ ಹೌಸು, ಗೋಡೌನು ಎಲ್ಲ ಅವ್ರ ಕೈಯಲ್ಲಿ. ನಿಮಗೆ ಲೈನಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ಬಂಗಲೆ ಗೋಡೆಗೆ ಒಂದು ಮೊಳೆ ಹೊಡೆಯೋ ಹಂಗಿಲ್ಲ. ಕೋಣೆ ಒಳಗೆ ನೀವೇ ಒಂದು ಒಲೆ ಹೂಡ್ಕೊಂಡ್ರೆ ತಡೆಯೋರಿಲ್ಲ."

"ಕೋಣೆ ನನ್ನದಾ?"

"ನಿಮಗೆ ಕೊಟ್ಟಿದ್ದು. ನಿಮ್ಮದಲ್ಲ."

ಈ ಮಾತು ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ನಾನು ಹುಟ್ಟಿದ್ದೇ ಲೈನಿನಲ್ಲಿ.

ಮುಂದಿನ ಸಲ ಅವಳು ಫ್ಲಾಪಿಗಳನ್ನು ತಂದಳು. ಮೊದಲನೆಯದನ್ನು ತೂರಿಸಿದರೆ, ಫ್ಲಾಪಿ ತೆರೆಯಲು ರೂಟಿಗೆ ಮಾತ್ರ ಅಧಿಕಾರ ಎಂದಿತು. ರೈಟರ ಮೇಜಿನ ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆದು, ತಂತಿಯ ಮೂಲಕ ನನ್ನ ಕೋಣೆಗೆ ಸಾಗಿಸಿದಳು. ರೈಟರು ಅಷ್ಟು ಹೊತ್ತು ಹೊರಗೆ ನಿಂತು ಮಳೆ ನೋಡಿದರು. ಗಂಟು ಬಿಚ್ಚಿದರೆ ಒಳಗೆ ಇದ್ದದ್ದು ಪ್ರೋಗ್ರಾಂ ಅಲ್ಲ, ಪ್ರೋಗ್ರಾಂ ಮಾಡುವ ಸಾಮಾನು. ಅದನ್ನು ಈ ಮೆಷಿನ್ನಿನಲ್ಲೇ ಬೇಯಿಸಬೇಕು, ಅದಕ್ಕೆ ಬೇಕಾದ ಕಂಪೈಲರ್ ಪುಣ್ಯಕ್ಕೆ ಇತ್ತು. ಮೇಕ್ ಎಂದು ಒತ್ತಿದಳು. ಅಕ್ಷರಗಳು ಅರೇಬಿಕಾ ಬೀಜ ಸುರಿದ ಹಾಗೆ ಸ್ಕ್ರೀನಿನಲ್ಲಿ ಸುರಿಯುತ್ತಲೇ ಹೋದವು. ನಾನು ಕಾಫಿ ಮಾಡಿಕೊಂಡು ಬಂದೆ. ಕಡೆಗೆ ಮೇಕ್ ಇನ್‌ಸ್ಟಾಲ್ ಎಂದಾಗ ಎರಡು ಮಾತಿನಲ್ಲಿ ನಿಂತಿತು. ಮೊದಲ ಅಕ್ಷರ ಪಿ. ಪೀಬೆರಿ ಎಂಬ ದುಂಡು ಬೀಜದ ಚೀಲದ ಪಿ ನನಗೆ ಗೊತ್ತು. ಪರ್ಮಿಷನ್ ಡಿನೈಡ್. ಆ ಮಳೆಗಾಲ ನಾನು ಅತಿ ಹೆಚ್ಚು ಸಲ ಓದಿದ ಇಂಗ್ಲಿಷು ಅದು.

"ಪ್ರೋಗ್ರಾಂ ಸೀದಾ ಬಂಗಲೆಗೇ ಹೋಗಿ ಕೂರೋಕೆ ನೋಡ್ತಿದೆ," ಎಂದಳು ಟೀಚರ್. ಮೊದಲಿಂದ ಶುರು ಮಾಡಿ, ಕೂರಬೇಕಾದ ಜಾಗ ನನ್ನ ಕೋಣೆ ಎಂದು ಮುಂಚೆಯೇ ಹೇಳಿ, ಮತ್ತೆ ಬೇಯಿಸಿದಳು. ಈ ಸಲ ಕೂತಿತು. ಓಡಿಸಿದರೆ ಒಂದು ಲೈಬ್ರರಿ ಇಲ್ಲ ಎಂದಿತು. ಲೈಬ್ರರಿ ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಾಮಾನು. ಧಣಿಗಳ ಉಗ್ರಾಣದಲ್ಲಿ ಅದಿರಲಿಲ್ಲ. ಅದಕ್ಕೆ ಮತ್ತೊಂದು ಫ್ಲಾಪಿ, ಮತ್ತೊಂದು ವಾರ. ಅದನ್ನೂ ನನ್ನ ಕೋಣೆಯಲ್ಲೇ ಇಟ್ಟು, ಹುಡುಕುವಾಗ ಮೊದಲು ಇಲ್ಲಿ ಹುಡುಕು ಎಂದು ಮೆಷಿನ್ನಿಗೆ ಹೇಳಿಕೊಡಬೇಕಾಯಿತು.

ನನಗಿದ್ದ ಕಷ್ಟ ಬೇರೆ. ಕೀಲಿಗಳ ಮೇಲೆ ಅಚ್ಚಿನ ಹಾಗೆ ದೊಡ್ಡ ಅಕ್ಷರ, ಒತ್ತಿದರೆ ಸ್ಕ್ರೀನಿನಲ್ಲಿ ಬರುವುದು ಮರಿ ಅಕ್ಷರ. ಚೀಲದ ಮೇಲೆ ಯಾರೂ ಮರಿ ಅಕ್ಷರ ಹೊಡೆಯುವುದಿಲ್ಲ. ಒಂದೊಂದೇ ಒತ್ತಿ, ಯಾವ ತಾಯಿಗೆ ಯಾವ ಮರಿ ಎಂದು ಗುರುತು ಹಿಡಿದೆ.

ಕಡೆಗೆ ನಡೆಯಿತು. ಗಂಟೆಗೊಮ್ಮೆ ಮುದುಕ ವೈರ್‌ಲೆಸ್ಸಿನಲ್ಲಿ ನೀರಿನ ಗೆರೆ ಹೇಳುತ್ತಿದ್ದ, ನಾನು ಒತ್ತುತ್ತಿದ್ದೆ. ಕಪ್ಪು ಸ್ಕ್ರೀನಿನ ಮೇಲೆ ನಕ್ಷತ್ರದ ಚುಕ್ಕಿಗಳು ಸಾಲಾಗಿ ಬರುತ್ತಿದ್ದವು. ಸಾಲು ಮಲಗಿದ್ದರೆ ನೀರು ನಿಂತ ಹಾಗೆ. ಹತ್ತುತ್ತಿದ್ದರೆ ಏರುವ ಹಾಗೆ. ಓದು ಬೇಕಿಲ್ಲ. ಬಹಳ ಕಡಿದಾಗಿ ಹತ್ತಿದರೆ ಪೆಟ್ಟಿಗೆ ಕುಂಯ್ ಎನ್ನುವ ಹಾಗೆ ಟೀಚರ್ ಒಂದು ತುಂಡು ಬರೆದು ಸೇರಿಸಿದ್ದಳು. ಹೊತ್ತು ಹೊತ್ತಿಗೆ ತಾನಾಗಿ ಎದ್ದು ಓಡುವ ಏರ್ಪಾಡು ಮೆಷಿನ್ನಿನಲ್ಲಿತ್ತು, ಅದನ್ನು ಬಳಸಲು ನನಗೆ ಅಪ್ಪಣೆ ಇರಲಿಲ್ಲ. ಹಾಗಾಗಿ ಸ್ವಲ್ಪ ಮಲಗು, ಎದ್ದು ನೋಡು, ಮತ್ತೆ ಮಲಗು ಎಂದು ಆ ತುಂಡಿಗೇ ಹೇಳಿ ಬಿಟ್ಟಿದ್ದಳು. ನಾನು ಲಾಗಿನ್ ಮುಚ್ಚಿದರೆ ಅದೂ ಸಾಯುತ್ತಿತ್ತು. ಸಾಯದ ಹಾಗೆ ಮುಂದೆ ಒಂದು ಮಾತು ಸೇರಿಸಿ ಓಡಿಸಲು ಕಲಿಸಿದಳು.

ಒಂದು ಬೆಳಿಗ್ಗೆ ಲಾಗಿನ್ ಆದರೆ ಕೋಣೆ ಖಾಲಿ. ಪ್ರೋಗ್ರಾಂ ಇಲ್ಲ, ಲೈಬ್ರರಿ ಇಲ್ಲ, ನಾನು ಒತ್ತಿದ ಅಂಕಿಗಳೂ ಇಲ್ಲ. ಗುಡಿಸಿ ಸಾರಿಸಿದ ಹಾಗಿತ್ತು. ಹಿಂದಿನ ಸಂಜೆ ಮೋಡೆಮ್ ಕಿರುಚಿದ್ದು ಎಂದಿಗಿಂತ ಹೆಚ್ಚು ಹೊತ್ತು ಎಂದು ಆಗ ನೆನಪಾಯಿತು. ಹನ್ನೊಂದರ ಹೊತ್ತಿಗೆ ಫೋನು ಬಂತು. ಸಾಹೇಬರು ನನ್ನನ್ನೇ ಕೇಳಿದರು.

"ನಿಮ್ಮ ಹೆಸರಲ್ಲಿ ಒಂದು ಪ್ರೋಗ್ರಾಂ ಓಡ್ತಿತ್ತು. ಯಾರು ಹಾಕಿದ್ದು?"

"ನಾನು."

ಆ ಕಡೆ ಕೀಲಿ ಒತ್ತುವ ಸದ್ದು ಕೇಳಿತು.

"ಅಮ್ಮ, ನಿಮ್ಮನೆಗೆ ಗುರುತಿಲ್ಲದವನು ಬಂದು ಕೂತ್ರೆ ಏನ್ ಮಾಡ್ತೀರಿ?"

"ಕಾಫಿ ಕೊಟ್ಟು ಯಾಕೆ ಬಂದೆ ಅಂತ ಕೇಳ್ತೀನಿ."

"ನಾನು ಹಂಗೆ ಕೇಳ್ತಾ ಕೂರೋಕಾಗಲ್ಲ. ಕಂಪನಿಯ ಎಲ್ಲಾ ತೋಟದ ಲೆಕ್ಕ ಒಂದೇ ಬಳ್ಳಿಗೆ ಕಟ್ಟಿದೆ. ಒಂದು ಕಡೆ ಹುಳ ಬಿದ್ರೆ ಎಲ್ಲ ಕಡೆ ಹೋಗುತ್ತೆ."

ಅವರು ಕೆಟ್ಟವರಲ್ಲ. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಏರಿಯ ಬುಡದ ನೀರಿನ ವಿಷಯ ಹೇಳಿದೆ. ಅದು ತನ್ನ ವಿಭಾಗ ಅಲ್ಲ, ಸ್ಕ್ರೀನ್ ಏನು ಹೇಳುತ್ತಿದೆ ಎಂದು ಕೇಳಿದರು. ಹಸಿರು ಎಂದೆ. ಮತ್ತೇನು ಎಂದರು. ಅಂದು ಸಂಜೆ ಮೋಡೆಮ್ ಕಿರುಚಿದ ಮೇಲೆ ಕಂಪೈಲರಿಗೂ ಬೀಗ ಬಿತ್ತು. ಧಣಿ ಬಿಟ್ಟು ಯಾರೂ ಬೇಯಿಸುವ ಹಾಗಿಲ್ಲ.

ಟೀಚರಿಗೆ ಸಿಟ್ಟು ಬಂತು. "ಒಲೆ ಹೂಡ್ಲಿಕ್ಕೆ ಬಿಡದಿದ್ರೆ ಬುತ್ತಿ ಕಟ್ಕೊಂಡು ಬರ್ತೀನಿ," ಎಂದಳು. ಕಳಸದ ತನ್ನ ಕಂಪ್ಯೂಟರಿನಲ್ಲೇ ಬೇಯಿಸಿ, ಯಾವ ಲೈಬ್ರರಿಯನ್ನೂ ಹೊರಗೆ ಹುಡುಕದ ಹಾಗೆ ಎಲ್ಲವನ್ನೂ ಒಂದರ ಹೊಟ್ಟೆಯೊಳಗೇ ತುಂಬಿ ತಂದಳು. ದಪ್ಪಗಾಗಿತ್ತು, ಆದರೆ ಯಾರ ಹಂಗೂ ಇಲ್ಲದೆ ನಡೆಯಿತು. ಪ್ರೋಗ್ರಾಮಿನ ಹೆಸರಿನ ಮೊದಲಿಗೆ ಒಂದು ಚುಕ್ಕಿ ಇಟ್ಟರೆ ಸುಮ್ಮನೆ ನೋಡುವವರ ಕಣ್ಣಿಗೆ ಬೀಳುವುದಿಲ್ಲವಂತೆ, ಹಾಗೆ ಇಟ್ಟಳು. ಬೆಳಿಗ್ಗೆ ಎಂಟರ ಅಂಕಿ ಕೊಟ್ಟ ಮೇಲೆ ನಾನು ಅದನ್ನು ಎಬ್ಬಿಸುತ್ತಿದ್ದೆ. ಸಂಜೆ ಮೋಡೆಮ್ ಕಿರುಚುವ ಮುಂಚೆ ಕೊಲ್ಲುತ್ತಿದ್ದೆ. ಕೊಲ್ಲುವುದಕ್ಕೆ ಮೆಷಿನ್ನಿನಲ್ಲೂ ಅದೇ ಮಾತು, ಕಿಲ್.

ಹಾಗಾಗಿ ಸಂಜೆಯಿಂದ ಬೆಳಗಿನವರೆಗೆ ನನ್ನ ಸಾಲಿನಲ್ಲಿ ಚುಕ್ಕಿ ಇರುತ್ತಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ನಿನ್ನೆ ಬಿಟ್ಟ ಜಾಗಕ್ಕೂ ಇವತ್ತಿನ ಜಾಗಕ್ಕೂ ನಡುವೆ ಬರೀ ಕಪ್ಪು. ಲೈನಿನಲ್ಲಿ ಮಲಗಿದಾಗ ನನ್ನ ಕಿವಿಗೆ ಹಳ್ಳದ ಶಬ್ದ ಬಿಟ್ಟು ಬೇರೇನೂ ಬೀಳುತ್ತಿರಲಿಲ್ಲ.

ಜುಲೈನಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಕರೆಂಟು ಹೋಗಿ, ಜೂನಿನಲ್ಲಿ ಮೆಷಿನ್ ಬಿದ್ದ ಮೇಲೆ ತಂದ ಜನರೇಟರಿನಲ್ಲಿ ಆಫೀಸು ನಡೆಯುತ್ತಿತ್ತು. ಹೆಬ್ಬಾಗಿಲಿನ ಹತ್ತಿರ ಮರ ಬಿದ್ದು ಫೋನಿನ ತಂತಿಯೂ ಹೋಯಿತು. ಟೀಚರ್ ಬರುವ ಜೀಪು ನಿಂತಿತು. ಆ ದಿನ ಬೆಳಿಗ್ಗೆ ಎಂಟಕ್ಕೆ ಅಂಕಿ ಒತ್ತಿದೆ. ನೀರು ಮೇಲಿತ್ತು, ಆದರೆ ಸಾಹೇಬರ ಅಪಾಯದ ಗೆರೆಗಿಂತ ಕೆಳಗೇ. ಹಸಿರು ಬಂತು. ನನ್ನದನ್ನು ಎಬ್ಬಿಸಿದೆ. ಒಂಬತ್ತರ ಚುಕ್ಕಿ ಎಂಟರ ಮೇಲೆ. ಹತ್ತರದ್ದು ಅದರ ಮೇಲೆ. ಹನ್ನೊಂದಕ್ಕೆ ಪೆಟ್ಟಿಗೆ ಕುಂಯ್ ಎಂದಿತು. ನಿಲ್ಲಿಸಲಿಲ್ಲ. ಸಾಲು ಏಣಿ ನಿಲ್ಲಿಸಿದ ಹಾಗೆ ನಿಂತಿತ್ತು, ಅದೇ ಓಟದಲ್ಲಿ ಸಂಜೆಯೊಳಗೆ ಏರಿಯ ತಲೆ ಮುಟ್ಟುತ್ತದೆಂದು ಬೆರಳಿಟ್ಟು ನೋಡಿದರೆ ಯಾರಿಗೂ ಕಾಣುತ್ತಿತ್ತು.

ಲೈನಿಗೆ ಹೇಳಿ ಕಳಿಸಿದೆ, ಮಕ್ಕಳನ್ನೂ ಮುದುಕರನ್ನೂ ಗೋಡೌನಿಗೆ ಹತ್ತಿಸಿ ಎಂದು. ಕೆಲವರು ಹೋದರು. ಮೆಷಿನ್ ಕೆಂಪು ತೋರಿಸಿತಾ ಎಂದು ಕಡೇ ಮನೆಯವಳು ಕೇಳಿ ಕಳಿಸಿದಳು. ಇಲ್ಲ ಎಂದು ಹೇಳಿ ಕಳಿಸಿದರೆ, ಹಾಗಾದರೆ ಒಲೆ ಆರಿಸುವುದಿಲ್ಲ, ಅನ್ನಕ್ಕೆ ಇಟ್ಟಿದ್ದೇನೆ ಎಂದಳಂತೆ.

ಮ್ಯಾನೇಜರು ಒದ್ದೆ ರೈನ್‌ಕೋಟಿನಲ್ಲೇ ಒಳಗೆ ಬಂದರು. ಅವರಿಗೆ ನನ್ನ ಚುಕ್ಕಿಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಹಸಿರು ತೋರಿಸು ಎಂದರು. ಅದನ್ನೂ ತೋರಿಸಿದೆ. ಅದರ ಮುಂದೆ ಇನ್ನೂ ಬಹಳ ಹೊತ್ತು ನಿಂತರು. ಕೈ ಜೇಬಿನೊಳಗಿತ್ತು.

"ಫೋನ್ ಸತ್ತಿದೆ. ಸ್ಕ್ರೀನ್ ಓಕೆ ಅಂತಿದೆ. ನಾನು ಎಂತ ಹೇಳಿ ಬೀಗ ತೆಗೀಲಿ?" ಎಂದರು. ನನ್ನನ್ನು ಕೇಳಿದ ಹಾಗಿರಲಿಲ್ಲ.

ಅಷ್ಟರಲ್ಲಿ ವೈರ್‌ಲೆಸ್ಸು ಕರಕರ ಎಂದು ಮುದುಕನ ಸ್ವರ ಬಂತು. "ಬುಡದ ನೀರು ಕೆಂಪಾಯ್ತು. ಕೇಳ್ತಾ ಉಂಟಾ? ತಿಳಿ ಇತ್ತಲ್ಲ, ಅದು ಈಗ ಕೆಂಪು." ನೀರು ಒಸರಿದರೆ ಒಸರಲಿ. ಮಣ್ಣು ಹೊತ್ತುಕೊಂಡು ಬಂದರೆ ಏರಿ ಒಳಗಿನಿಂದ ಕರಗುತ್ತಿದೆ ಎಂದು ಅರ್ಥ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಮ್ಯಾನೇಜರಿಗೂ. ಆದರೂ ಅವರು ಸ್ಕ್ರೀನಿನಿಂದ ಕಣ್ಣು ಕೀಳಲಿಲ್ಲ. ಹಿಂದಿನವರ ಕೆಲಸ ಹೋದದ್ದು ಇದೇ ಕುರ್ಚಿಯಿಂದ. ಹಸಿರಿದ್ದಾಗಲೇ ತೂಬು ತೆಗೆದಿರಿ ಎಂದು ನಾಳೆ ಹೆಡ್ ಆಫೀಸಿನ ಕಾಗದದಲ್ಲಿ ಬರುತ್ತದೆ.

ನಾನು ಮೇಜಿನ ಕೆಳಗೆ ಬಗ್ಗಿದೆ. ಮೆಷಿನ್ನಿಗೆ ಮಲಗು ಎಂದು ಹೇಳುವ ಅಧಿಕಾರ ನನಗಿರಲಿಲ್ಲ. ಬಿದ್ದರೆ ರೂಟ್ ಪಾಸ್‌ವರ್ಡ್ ಕೇಳಿಕೊಂಡು ನಿಲ್ಲುತ್ತದೆಂದು ಜೂನಿನಲ್ಲಿ ನೋಡಿದ್ದೆ. ನನ್ನ ಚುಕ್ಕಿಗಳೂ ಅದರೊಳಗೇ ಹೋಗುತ್ತವೆಂದೂ ಗೊತ್ತಿತ್ತು. ಪೆಟ್ಟಿಗೆಯ ಹಿಂದಿನ ವೈರನ್ನು ಹಿಡಿದು ಎಳೆದೆ.

ಕುಂಯ್ ನಿಂತಿತು. ಎದ್ದು ನಿಂತಾಗ ಸ್ಕ್ರೀನಿನಲ್ಲಿ ಹಸಿರೂ ಇರಲಿಲ್ಲ, ಚುಕ್ಕಿಯೂ ಇರಲಿಲ್ಲ.

"ಕರೆಂಟ್ ಹೋಯ್ತಾ?" ಎಂದರು ಮ್ಯಾನೇಜರು.

"ಹೋಯ್ತು."

ತಲೆಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಅವರು ಅದನ್ನು ನೋಡಿದರು, ಆಮೇಲೆ ನನ್ನ ಕೈಯಲ್ಲಿದ್ದ ವೈರು ನೋಡಿದರು. ಜೇಬಿನಿಂದ ಕೈ ಹೊರಗೆ ಬಂತು. "ಮೆಷಿನ್ ಇಲ್ಲ ಅಂದ್ಮೇಲೆ ನಾನು ಯಾರ ಮಾತೂ ಮೀರಿದ ಹಂಗೆ ಆಗ್ಲಿಲ್ಲ, ಅಲ್ವ?" ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಏರಿಯ ಕಡೆ ಓಡಿದರು.

ನಾನು ಲೈನಿಗೆ ಹೋದೆ. ಮೆಷಿನ್ ಕೆಂಪಾಯಿತೆಂದು ಕೂಗಿದೆ. ಕಡೇ ಮನೆಯವಳು ಅನ್ನದ ಪಾತ್ರೆ ಹೊತ್ತುಕೊಂಡು ಬಂದಳು, ಬೆಂದಿಲ್ಲ ಎಂದು ನನಗೆ ಬೈಯುತ್ತಲೇ ಗುಡ್ಡ ಹತ್ತಿದಳು.

ತೂಬಿನ ತಿರುಪು ತುಕ್ಕು ಹಿಡಿದಿತ್ತು. ಆಳುಗಳು ಹಾರೆ ಹಾಕಿ ಜಗ್ಗಿ ತಿರುಗಿಸಿದರಂತೆ. ಟ್ಯಾಂಕಿನ ನೀರು ಹಳ್ಳಕ್ಕೆ ಇಳಿಯತೊಡಗಿತು. ಹಳ್ಳ ತುಂಬಿ ಲೈನಿನ ಅಂಗಳ ತೊಳೆಯಿತು, ಅಷ್ಟೇ. ಮೇಲೆ ಗೋಡೌನಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಮಧ್ಯಾಹ್ನ ಕಳೆಯಿತು. ಏನೂ ಆಗಲಿಲ್ಲ. ಕೆಲವರು ವಾಪಸು ಹೋಗೋಣ ಎಂದರು. ಹೊತ್ತು ಇಳಿಯುವಾಗ ಹೊಸ ಮಣ್ಣು ತಲೆಯಿಂದ ಜಾರಿತು. ದೊಡ್ಡ ಶಬ್ದವಿಲ್ಲ. ಮುದಿ ಎಮ್ಮೆ ಮಲಗಿದ ಹಾಗೆ ಏರಿ ಒಂದು ಮಗ್ಗುಲಿಗೆ ಕುಸಿಯಿತು. ಟ್ಯಾಂಕಿನಲ್ಲಿ ಉಳಿದ ನೀರು ಆ ಕೆಸರನ್ನು ನೂಕಿಕೊಂಡು ಬಂತು. ಕಡೇ ಮನೆ ಹೋಯಿತು. ಅದರ ಪಕ್ಕದ್ದರ ಹಿಂಗೋಡೆ ಹೋಯಿತು. ಕೆಸರು ಸಾಲಿನುದ್ದಕ್ಕೂ ನಡೆದು ಬಂದು ನನ್ನ ಹೊಸಿಲಿನ ಹತ್ತಿರ ನಿಂತಿತು. ಟ್ಯಾಂಕು ತುಂಬಿದ್ದಾಗ ಬಂದಿದ್ದರೆ ಎಲ್ಲಿಯವರೆಗೆ ಬರುತ್ತಿತ್ತು ಎಂದು ಯಾರೂ ಆಡಲಿಲ್ಲ. ಕಡೇ ಮನೆಯವಳು ಅರ್ಧ ಬೆಂದ ಅನ್ನವನ್ನು ಎಲ್ಲರಿಗೂ ಬಡಿಸಿದಳು.

ದಾರಿ ತೆರೆದ ಮೇಲೆ ಸಾಹೇಬರು ಬಂದರು. ಮೆಷಿನ್ ಪಾಸ್‌ವರ್ಡ್ ಕೇಳಿಕೊಂಡು ನಿಂತಿತ್ತು. ಅವರು ಒತ್ತಿ, ಅದು ಕೇಳಿದ ಒಂದೊಂದು ಪ್ರಶ್ನೆಗೂ ಹೌದು ಹೌದು ಎನ್ನುತ್ತಾ ಕೂತರು. ಕೆಟ್ಟುಹೋದ ಚೂರುಗಳನ್ನೆಲ್ಲ ಒಂದು ಕಡೆ ರಾಶಿ ಹಾಕಿತು. ಅದರಲ್ಲಿ ನನ್ನ ಚುಕ್ಕಿಗಳ ಅಂಕಿಯೂ ಇತ್ತೆಂದು ಕಾಣುತ್ತದೆ. ಕಾಫಿ ಕೊಟ್ಟಾಗ ನನ್ನ ಮುಖ ನೋಡಿದರು.

"ಪ್ರೋಗ್ರಾಂ ಚೆನ್ನಾಗಿ ಬರ್ದಿದಾರೆ," ಎಂದರು. "ಆದ್ರೆ ಹಿಂಗೆ ಒಬ್ಬೊಬ್ರು ಒಂದೊಂದು ಹಾಕ್ತಾ ಹೋದ್ರೆ ಮೆಷಿನ್ ನನ್ನ ಕೈಲಿರಲ್ಲ ಅಮ್ಮ."

"ಕೈಲಿದ್ದಾಗ ಎಂತ ಹೇಳ್ತು?" ಎಂದೆ.

ಅವರು ಕಾಫಿ ಕುಡಿದು ಲೋಟ ಕೊಟ್ಟರು. ಮೆಷಿನ್ ಕೆಟ್ಟಿದ್ದರಿಂದ ಮ್ಯಾನೇಜರು ತಾವೇ ತೀರ್ಮಾನ ತೆಗೆದುಕೊಂಡರೆಂದು ಹೆಡ್ ಆಫೀಸಿಗೆ ಬರೆದರಂತೆ. ಮ್ಯಾನೇಜರ ಕೆಲಸ ಉಳಿಯಿತು. ಮಾರನೇ ದಿನ ಎಂಟಕ್ಕೆ ನನ್ನ ಹೆಸರು ಒತ್ತಿದೆ. ಲಾಗಿನ್ ಇನ್‌ಕರೆಕ್ಟ್ ಎಂದಿತು. ಮತ್ತೆ ಒತ್ತಿದೆ, ಮರಿ ಅಕ್ಷರ ಒಂದೊಂದನ್ನೂ ನೋಡಿಕೊಂಡು. ಅದೇ. ಅಂಕಿ ಒತ್ತುವ ಕೆಲಸ ರೈಟರಿಗೆ ಹೋಯಿತು. ಪೊರಕೆ ನನ್ನ ಹತ್ತಿರ ಉಳಿಯಿತು.

ಬೇಸಿಗೆಯಲ್ಲಿ ಏರಿಯನ್ನು ಮತ್ತೆ ಕಟ್ಟಿದರು. ಈ ಸಲ ದಮ್ಮಸ್ಸು ಹೊಡೆದರು. ಎತ್ತರವನ್ನೂ ಇನ್ನಷ್ಟು ಮಾಡಿದರು. ಲೈನಿನ ಪಾಯದ ಕಲ್ಲು ಗಟ್ಟಿ ಇದೆ ಎಂದು ಕಡೇ ಮನೆಯನ್ನು ಅದೇ ಜಾಗದಲ್ಲಿ ಎಬ್ಬಿಸಿದರು. ಮೆಷಿನ್ ಹೊಸದು ಬಂತು, ಸ್ಕ್ರೀನು ಬಣ್ಣದ್ದು. ಅಂಕಿ ತೆಗೆದುಕೊಳ್ಳುವುದು ಈಗಲೂ ಬೆಳಿಗ್ಗೆ ಎಂಟಕ್ಕೆ, ಒಂದು ಸಲ. ಬದಲಿಸಲು ಕೇಳಿದ್ದು ಯಾವ ಮಳೆಗಾಲ ಮುಗಿದ ಮೇಲೂ ಆಗಲಿಲ್ಲ.

ಕೆಲಸ ಬಿಟ್ಟ ಮೇಲೆ ನಾನು ರಸ್ತೆಯ ಮೇಲಿನ ಕಾಲೊನಿಯಲ್ಲಿದ್ದೇನೆ. ಲೈನಿನಲ್ಲಿ ಈಗ ಇರುವವರು ದೂರದ ಊರಿನವರು. ಅವರ ಮಾತು ನನಗೆ ತಿಳಿಯುವುದಿಲ್ಲ, ನನ್ನದು ಅವರಿಗೆ. ಏಡಿ ಹತ್ತಿದರೆ ಹಿಡಿದು ಸಾರು ಮಾಡುತ್ತಾರೆ. ನನ್ನ ಹತ್ತಿರ ಕ್ಯೂರಿಂಗ್ ವರ್ಕ್ಸಿನ ಹಳೇ ಅಚ್ಚೊಂದು ಉಳಿದಿತ್ತು, ಗಡಿಗೆಗೆ ಮುಚ್ಚಳ ಮಾಡಿಕೊಂಡಿದ್ದೆ. ಅದನ್ನು ತೊಳೆದು, ಕಪ್ಪು ಬಣ್ಣ ತೆಗೆದುಕೊಂಡು, ಟ್ಯಾಂಕಿನ ತೂಬಿನ ಕಂಬದ ಮೇಲೆ, ತಲೆಯಿಂದ ಎರಡು ಮೊಳ ಕೆಳಗೆ, ಒಂದು ದೊಡ್ಡ ಪಿ ಹೊಡೆದೆ. ಲೈನಿನ ಹೆಂಗಸರನ್ನು ಕರೆದುಕೊಂಡು ಹೋಗಿ ತೋರಿಸಿದೆ. ನೀರಿನ ಹಾಗೆ ಕೈ ಆಡಿಸಿ, ಪಿ ಮುಟ್ಟಿಸಿ, ಆಮೇಲೆ ಗುಡ್ಡದ ಕಡೆ ಓಡಿ ತೋರಿಸಿದೆ. ಮುದುಕಿ ಓಡುವುದು ಕಂಡು ನಕ್ಕರು. ಆದರೆ ಒಬ್ಬಳು ನಗದೆ ಆ ಅಕ್ಷರವನ್ನೇ ನೋಡುತ್ತಿದ್ದಳು. ಅವಳು ಈಗಿನ ಕಡೇ ಮನೆಯವಳು.

ದೊಡ್ಡವರು ಭೇಟಿಗೆ ಬರುವ ಮುಂಚೆ ಕಂಪನಿಯವರು ಕಂಬಕ್ಕೆ ಸುಣ್ಣ ಹೊಡೆಸುತ್ತಾರೆ. ಪಿ ಮುಚ್ಚಿಹೋಗುತ್ತದೆ. ನಾನು ಮತ್ತೆ ಹೋಗಿ ಹೊಡೆದು ಬರುತ್ತೇನೆ. ಈ ವರ್ಷ ಕಾಲುನೋವಿನಿಂದ ತಡವಾಯಿತು. ಅಚ್ಚಿಟ್ಟು ಹೊಡೆದು ತಗಡು ತೆಗೆಯುವಾಗ ಗುಡ್ಡದ ಆ ಕಡೆ ಕಪ್ಪಾಗಿತ್ತು. ಬಣ್ಣ ಒಣಗುವ ಮೊದಲೇ ಮಳೆ ಬಂತು.